ದುರಾಡಳಿತದ ಎರಡು ಕಥನಗಳು: ‘ಚಿಕವೀರ ರಾಜೇಂದ್ರ’ ಮತ್ತು ಕೊಡಗಿನ ಸ್ವಾಧೀನ

ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ‘ಚಿಕವೀರ ರಾಜೇಂದ್ರ’ (1956) ಕಾದಂಬರಿಯನ್ನು ಅರಸನೊಬ್ಬನ ನೈತಿಕ ಪತನದ ಕಥೆಯೆಂದು ಓದುವುದು ವಾಡಿಕೆ. ಈ ಓದು ತಪ್ಪಲ್ಲ, ಅಪೂರ್ಣ. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಈಸ್ಟ್ ಇಂಡಿಯಾ ಕಂಪನಿಯೂ ಅರಸನ ದುರಾಡಳಿತವನ್ನೇ ತನ್ನ ಕ್ರಮಕ್ಕೆ ಸಮರ್ಥನೆಯಾಗಿ ಮುಂದಿಟ್ಟಿತ್ತು. ಕನ್ನಡದ ಮಹತ್ವದ ಕಾದಂಬರಿಯೊಂದು ವಸಾಹತು ಆಡಳಿತದ ವಾದವನ್ನೇ ಪುನರುಚ್ಚರಿಸುತ್ತಿದೆಯೇ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಹಾಲೇರಿ ಅರಸರೊಡನೆ ಕಂಪನಿಯ ಸಂಬಂಧ ಬೆಳೆದುದು ಮೈತ್ರಿಯ ಪರಿಭಾಷೆಯಲ್ಲಿ. ಟಿಪ್ಪುವಿನ ವಿರುದ್ಧ ನೆರವು ಬೇಕಾಗಿದ್ದ ಕಂಪನಿ 1790ರಲ್ಲಿ ದೊಡ್ಡವೀರರಾಜೇಂದ್ರನೊಡನೆ ಒಪ್ಪಂದ ಮಾಡಿಕೊಂಡಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಆ ನೆರವಿನ ಅಗತ್ಯ ತೀರಿತು. ನಗರದ ದಂಗೆಯ ಕಾರಣ ಹೇಳಿ 1831ರಲ್ಲಿ ಮೈಸೂರಿನ ಆಡಳಿತವನ್ನು ಕೈಗೆತ್ತಿಕೊಂಡ ಕಂಪನಿ, ಮೂರು ವರ್ಷಗಳೊಳಗೆ ಕೊಡಗಿಗೆ ಬಂತು. ತನ್ನ ತಂಗಿ ದೇವಮ್ಮಾಜಿ ಮತ್ತು ಆಕೆಯ ಪತಿ ಕಂಪನಿಯ ಆಶ್ರಯ ಪಡೆದಾಗ, ಅವರನ್ನು ಒಪ್ಪಿಸಬೇಕೆಂದು ಅರಸ ಹಟಹಿಡಿದುದು, ಕಂಪನಿಯ ದೂತನನ್ನು ತಡೆದಿಟ್ಟುದು ಯುದ್ಧಕ್ಕೆ ನಿಮಿತ್ತವಾದವು. 1834ರ ಮೇ ತಿಂಗಳ ಘೋಷಣೆ, ಜನರ ಒಮ್ಮತದ ಇಚ್ಛೆಯ ಮೇರೆಗೆ ಈ ನಾಡು ಕಂಪನಿಯ ಆಳ್ವಿಕೆಗೆ ಸೇರಿತೆಂದು ಸಾರಿತು.

ಮಾಸ್ತಿಯವರು ಅರಸನ ಕ್ರೌರ್ಯವನ್ನಾಗಲಿ ಕುಂಟಬಸವನ ಪ್ರಭಾವವನ್ನಾಗಲಿ ಮರೆಮಾಚುವುದಿಲ್ಲ. ಆದರೆ ಕಾದಂಬರಿಯಲ್ಲಿ ಅರಸನನ್ನು ಅಳೆಯುವವರು ಆಂಗ್ಲ ಅಧಿಕಾರಿಗಳಲ್ಲ. ರಾಣಿ ಗೌರಮ್ಮ, ಮಂತ್ರಿ ಬೋಪಣ್ಣ, ನಾಡಿನ ಜನ. ಅರಸ ಪ್ರಜೆಗಳಿಗೆ ಉತ್ತರವಾದಿ ಎಂಬುದು ಅಲ್ಲಿನ ಮಾನದಂಡ. ಅರಸ ಕೆಟ್ಟವನಾದರೆ ನಾಡು ತಮಗೆ ಸಲ್ಲಬೇಕು ಎಂಬುದು ಕಂಪನಿಯ ಮಾನದಂಡ. ಇವೆರಡೂ ಒಂದೇ ‘ದುರಾಡಳಿತ’ದಿಂದ ಹೊರಟರೂ ಒಂದೇ ತೀರ್ಮಾನಕ್ಕೆ ತಲುಪಬೇಕಾಗಿಲ್ಲ. ಮೈಸೂರು ಸಂಸ್ಥಾನದ ಆಡಳಿತದಲ್ಲಿ ದೀರ್ಘಕಾಲ ದುಡಿದ ಲೇಖಕರಿಗೆ ಈ ಅಂತರ ಅನುಭವಕ್ಕೆ ಬಂದದ್ದಾಗಿರಬೇಕು. ಬೋಪಣ್ಣನ ನಿರ್ಧಾರ ಅಲ್ಲಿ ಗೆಲುವಾಗದೆ ದುರಂತವಾಗುವುದಕ್ಕೆ ಇದೇ ಕಾರಣ.

ಆದರೂ ಈ ನೈತಿಕ ಚೌಕಟ್ಟಿಗೆ ಒಂದು ಮಿತಿಯಿದೆ. ಅದು ಅರಸನ ದೋಷವನ್ನು ಕೇಂದ್ರದಲ್ಲಿ ನಿಲ್ಲಿಸಿದಷ್ಟೂ ಸ್ವಾಧೀನದ ರಾಜಕಾರಣ ಅಂಚಿಗೆ ಸರಿಯುತ್ತದೆ. ‘ಒಮ್ಮತ’ದ ಮಾತು ಮೂರೇ ವರ್ಷಗಳಲ್ಲಿ ಪರೀಕ್ಷೆಗೊಳಗಾಯಿತು. ಕೊಡಗಿನಿಂದ ಬೇರ್ಪಡಿಸಿ ದಕ್ಷಿಣ ಕನ್ನಡಕ್ಕೆ ಸೇರಿಸಿದ್ದ ಅಮರ ಸುಳ್ಯ ಪ್ರದೇಶದಲ್ಲಿ 1837ರಲ್ಲಿ ಬಂಡಾಯವೆದ್ದಿತು. ಧಾನ್ಯಕ್ಕೆ ಬದಲಾಗಿ ನಗದಿನಲ್ಲಿ ಕಂದಾಯ ಕೇಳಿದುದು ಅದರ ಕಾರಣಗಳಲ್ಲೊಂದು. ಬಂಡಾಯಗಾರರು ಮಂಗಳೂರನ್ನು ಕೆಲಕಾಲ ಹಿಡಿದರು. ಅದನ್ನಡಗಿಸಲು ಕೊಡಗಿನ ದಿವಾನರೇ ಕಂಪನಿಗೆ ನೆರವಾದುದೂ ನಿಜ. ಅಂದರೆ ಅಲ್ಲಿದ್ದುದು ಒಮ್ಮತವಲ್ಲ, ಹಿತಾಸಕ್ತಿಗಳ ಒಡಕು. ಇದನ್ನು ಕಾಣಲು ಮಾಸ್ತಿಯವರ ಕೃತಿಯೊಡನೆ ನಿರಂಜನರ ‘ಕಲ್ಯಾಣಸ್ವಾಮಿ’ಯನ್ನೂ ಓದಬೇಕಾಗುತ್ತದೆ.

ಇನ್ನೂ ನಿರ್ಣಾಯಕವಾದ ಸಾಕ್ಷ್ಯ ಲಂಡನ್ನಿನದು. ಪದಚ್ಯುತ ಅರಸ 1852ರಲ್ಲಿ ಇಂಗ್ಲೆಂಡಿಗೆ ಹೋಗಿ, ಕಂಪನಿ ವಶಪಡಿಸಿಕೊಂಡಿದ್ದ ತನ್ನ ಹಣಕ್ಕಾಗಿ ದಾವೆ ಹೂಡಿದ. 1859ರಲ್ಲಿ ಅಲ್ಲಿಯೇ ತೀರಿಕೊಂಡ. 1860ರ ತೀರ್ಪು, ಕಂಪನಿಯ ಕ್ರಮ ಸಾರ್ವಭೌಮಾಧಿಕಾರದ ಕೃತ್ಯವಾದ್ದರಿಂದ ವಿಚಾರಣೆ ನ್ಯಾಯಾಲಯದ ವ್ಯಾಪ್ತಿಗೆ ಬಾರದು ಎಂದಿತು. ಮಡಿಕೇರಿಯಲ್ಲಿ ಜನರ ಇಚ್ಛೆಯಾಗಿದ್ದುದು ಲಂಡನ್ನಿನಲ್ಲಿ ಬರಿಯ ರಾಜ್ಯಶಕ್ತಿಯಾಯಿತು. ದುರಾಡಳಿತದ ಕಥನವು ಸ್ವಾಧೀನದ ಆಧಾರವಾಗಿರಲಿಲ್ಲ, ಅದರ ಅಲಂಕಾರವಾಗಿತ್ತು ಎಂಬುದನ್ನು ಈ ವೈರುಧ್ಯ ತೋರಿಸುತ್ತದೆ.

ದೊಡ್ಡವೀರರಾಜೇಂದ್ರ ತನ್ನ ವಂಶದ ಚರಿತ್ರೆಯನ್ನು ‘ರಾಜೇಂದ್ರನಾಮೆ’ಯಾಗಿ ಕನ್ನಡದಲ್ಲಿಯೇ ಬರೆಯಿಸಿದ್ದ. ಕೊನೆಯ ಅರಸನನ್ನು ಕುರಿತು ನಾವು ಬಹುಪಾಲು ಅವನನ್ನು ಇಳಿಸಿದವರ ಬರವಣಿಗೆಯಿಂದ ತಿಳಿಯಬೇಕಾಗಿದೆ. ಆ ಕಡತಗಳು ಚೆನ್ನೈ ಮತ್ತು ದೆಹಲಿಯ ಪತ್ರಾಗಾರಗಳಲ್ಲಿವೆ. ಹೊರನಾಡಿನ ಕನ್ನಡ ಸಂಶೋಧಕರಿಗೆ ಅವು ಹತ್ತಿರದವು. ಅವನ್ನು ಕಾದಂಬರಿಯ ತಪ್ಪೊಪ್ಪು ಹುಡುಕಲು ಬಳಸಿದರೆ ಪ್ರಯೋಜನ ಅಲ್ಪ. ಕಾದಂಬರಿ ಎತ್ತುವ ಉತ್ತರವಾದಿತ್ವದ ಪ್ರಶ್ನೆಯನ್ನು ಆ ಕಡತಗಳನ್ನು ಬರೆದವರಿಗೂ ಕೇಳುವುದು ನಮ್ಮಿಂದಾಗಬೇಕಾದ ಕೆಲಸ.