ರಾಬರ್ಟು, ರಂಗಪ್ಪ, ರಯಾನ್

ಬೆಂಗಳೂರಿನಿಂದ ಕೊರಟಗೆರೆ, ಮಧುಗಿರಿ ಕಡೆಗೆ ಹೊರಟ ಬಸ್ಸು ಹೆದ್ದಾರಿ ಬಿಟ್ಟು ಬಲಕ್ಕೆ ಹೊರಳುವ ಜಾಗ ಡಾಬಸ್‌ಪೇಟೆ. ರಸ್ತೆ ಬದಿ ಡಾಬಾಗಳಿರುವುದರಿಂದ ಈ ಹೆಸರು ಬಂತೆಂದು ವಾದಿಸುವವರೂ ಇದ್ದಾರೆ. ಡಾಬಾಕ್ಕೂ ಇದಕ್ಕೂ ಸಂಬಂಧವಿಲ್ಲ. 19ನೇ ಶತಮಾನದ ನಡುವಿನಲ್ಲಿ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಆಗಿ ತುಮಕೂರಿನಲ್ಲಿ ಕೂತು ಆಡಳಿತ ನಡೆಸಿದ ರಿಚರ್ಡ್ ಸ್ಟೂವರ್ಟ್ ಡಾಬ್ಸ್ ಎಂಬ ಅಧಿಕಾರಿಯ ಹೆಸರು ಅದು. ಸಾಹೇಬ ಹೋದ, ಪೇಟೆ ಉಳಿಯಿತು.

ಈ ಡಾಬ್ಸ್ ಯಾರು ಎಂದು ಬಗೆದರೆ ಒಳಗೆ ಸಿಗುವವನು ರಾಬರ್ಟ್. ಹಳೆಯ ಜರ್ಮನಿಕ್ ಭಾಷೆಗಳಲ್ಲಿ ಕೀರ್ತಿ, ಬೆಳಕು ಎಂಬ ಎರಡು ಮಾತು ಸೇರಿ ಆದ ಹೆಸರು ರಾಬರ್ಟ್. ನಮ್ಮವರಾಗಿದ್ದರೆ ಕೀರ್ತಿಪ್ರಕಾಶ ಎನ್ನುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ರಾಬರ್ಟ್, ವಿಲಿಯಂ, ರಿಚರ್ಡ್‌ಗಳದೇ ಹಾವಳಿ. ಬೀದಿಗೆ ನಾಲ್ಕು ರಾಬರ್ಟ್ ಆದಾಗ ಒಬ್ಬ ರಾಬ್, ಒಬ್ಬ ಬಾಬ್, ಇನ್ನೊಬ್ಬ ಹಾಬ್, ಮತ್ತೊಬ್ಬ ಡಾಬ್. ಆ ಡಾಬ್‌ನ ಮಗ ಡಾಬ್ಸ್. ಕೊನೆಯ ‘ಸ್’ ಮಾಡುವ ಕೆಲಸವನ್ನೇ ನಮ್ಮ ಪಹಣಿಯಲ್ಲಿ ‘ಬಿನ್’ ಮಾಡುತ್ತದೆ: ರಂಗಪ್ಪ ಬಿನ್ ತಿಮ್ಮಪ್ಪ. ಬಿನ್ ಅರಬ್ಬಿಯಿಂದ ಬಂದದ್ದು ಅನ್ನುವುದು ಖಾತೆ ಬದಲಾವಣೆಗೆ ಅಲೆಯುವವರಿಗೆ ನೆನಪಾಗಲಾರದು ಬಿಡಿ.

ರಾಬರ್ಟನನ್ನು ಡಾಬ್ ಮಾಡಿದ್ದು ವಿಚಿತ್ರ ಅನಿಸಿದರೆ ನಮ್ಮ ಹಳ್ಳಿಗಳ ಜಗಲಿಯಲ್ಲಿ ಒಂದು ಗಳಿಗೆ ಕೂರಬೇಕು. ವೆಂಕಟರಮಣಪ್ಪ ಯೆಂಕ್ಟನಾಗುತ್ತಾನೆ, ಲಕ್ಷ್ಮೀನರಸಿಂಹಯ್ಯ ಲಚ್ಚನಾಗುತ್ತಾನೆ, ಹನುಮಂತರಾಯಪ್ಪ ಬರೀ ಹನ್ಮ. ಹತ್ತು ರಂಗಪ್ಪಗಳಿದ್ದ ಊರಲ್ಲಿ ಉದ್ದನ ರಂಗಪ್ಪ, ಕೆರೆಮುಂದಲ ರಂಗಪ್ಪ ಎಂದು ಅಡ್ಡೆಸರು ಹುಟ್ಟಿಕೊಳ್ಳುತ್ತವೆ. ಇಂಗ್ಲಿಷರ ಲಾಂಗ್, ಹಿಲ್, ಬ್ರೌನ್ ಮನೆತನಗಳು ಶುರುವಾದದ್ದೂ ಹೀಗೆಯೇ.

ಇಲ್ಲಿಯವರೆಗೆ ಇಬ್ಬರದೂ ಒಂದೇ ದಾರಿ. ಮುಂದೆ ಕವಲೊಡೆಯುತ್ತದೆ. ಪೀಟರ್ ಎಂದರೆ ಬಂಡೆ, ಗ್ರೀಕಿನದು. ಡೇವಿಡ್ ಎಂದರೆ ಪ್ರೀತಿಪಾತ್ರ, ಹೀಬ್ರೂವಿನದು. ಜಾರ್ಜ್ ಎಂದರೆ ಮಣ್ಣಿನಲ್ಲಿ ದುಡಿಯುವ ರೈತ, ಥಾಮಸ್ ಎಂದರೆ ಅವಳಿ. ಮಗನಿಗೆ ಜಾರ್ಜ್ ಎಂದು ಕರೆಯುವ ಲಂಡನ್ನಿನ ತಾಯಿಗೆ ನೇಗಿಲು ನೆನಪಾಗುವುದಿಲ್ಲ. ಕ್ಯಾಲ್ವಿನ್‌ನ ಮೂಲ ಲ್ಯಾಟಿನ್ನಿನ ಬೋಳುತಲೆ, ಸೆಸಿಲ್‌ನದು ಕುರುಡು, ಕ್ಲಾಡ್‌ನದು ಕುಂಟು. ತಿಳಿದಿದ್ದರೆ ಯಾವ ಹೆತ್ತವರು ಇಡುತ್ತಿದ್ದರು! ಇಂಗ್ಲಿಷ್ ಹೆಸರಿನ ಅರ್ಥ ಇರುವುದು ನಿಘಂಟಿನಲ್ಲಿ, ಇಟ್ಟವರ ಮನಸ್ಸಿನಲ್ಲಲ್ಲ. ನಮ್ಮ ಡೇವಿಡ್ ಮುದ್ದಪ್ಪ. ಕರೆದಾಗಲೆಲ್ಲ ಮುದ್ದು ಬಾಯಿಗೆ ಬರುತ್ತದೆ. ನಮ್ಮ ಪೀಟರ್ ಗುಂಡಪ್ಪ ಅಥವಾ ಕಲ್ಲಪ್ಪ. ಮಧುಗಿರಿಯ ಏಕಶಿಲೆಯ ಕೆಳಗೆ ಹುಟ್ಟಿದವನಿಗೆ ಇದನ್ನು ವಿವರಿಸಬೇಕಿಲ್ಲ.

ಅದಕ್ಕಿಂತ ಹೆಚ್ಚಾಗಿ, ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಹಳೆಯ ಗಂಡು ಹೆಸರುಗಳು ವಿಳಾಸಗಳು. ಹರಕೆ ಯಾವ ದಿಕ್ಕಿಗೆ ಹೊತ್ತರು ಎಂಬುದು ಹೆಸರಲ್ಲೇ ಇದೆ. ಮಾರಪ್ಪ, ಮಾರಣ್ಣ ಮಧುಗಿರಿಯ ದಂಡಿನ ಮಾರಮ್ಮನ ಕಡೆಯವರು. ಸಿದ್ದಪ್ಪ ಕೊರಟಗೆರೆಯ ಸಿದ್ಧರಬೆಟ್ಟ ಹತ್ತಿ ಬಂದವರ ಮಗ. ಜುಂಜಪ್ಪ, ಜುಂಜಣ್ಣ ಎಂದರೆ ಶಿರಾ ಸೀಮೆಯ ಕಾಡುಗೊಲ್ಲರ ಹಟ್ಟಿ ಕಣ್ಣಿಗೆ ಬರುತ್ತದೆ, ಗಣೆ ಎಂಬ ಕೊಳಲಿನ ನಾದವೂ ಕೇಳಿಸುತ್ತದೆ. ಪಾವಗಡಕ್ಕೆ ಹೋದರೆ ಹೆಸರುಗಳು ಗಡಿ ದಾಟುತ್ತವೆ: ಕದಿರಿ ನರಸಿಂಹನಿಂದ ಕದಿರಪ್ಪ, ಅಹೋಬಲದಿಂದ ಓಬಳೇಶ, ನಾಗಲಮಡಿಕೆಯ ಸುಬ್ರಹ್ಮಣ್ಯನಿಂದ ಸುಬ್ಬರಾಯಪ್ಪ. ಪಾವಗಡದಲ್ಲೇ ಅಷ್ಟು ದೊಡ್ಡ ಶನಿಮಹಾತ್ಮನ ದೇವಸ್ಥಾನವಿದ್ದೂ ಮಗನಿಗೆ ಶನಿಯಪ್ಪ ಎಂದು ಹೆಸರಿಟ್ಟವರನ್ನು ನಾನಂತೂ ಕಂಡಿಲ್ಲ. ಎಣ್ಣೆ ಬತ್ತಿ ಸಲ್ಲಿಸಿ ದೂರದಿಂದಲೇ ಕೈ ಮುಗಿಯುತ್ತಾರೆ.

ಆದರೆ ಪಾವಗಡದ ನಿಜವಾದ ಒಡೆಯ ತಿರುಪತಿಯವನು. 2008ರಿಂದ ಆ ಕ್ಷೇತ್ರ ಗೆಲ್ಲಿಸಿದ ಶಾಸಕರ ಹೆಸರುಗಳನ್ನು ಓದಿ: ವೆಂಕಟರಮಣಪ್ಪ, ತಿಮ್ಮರಾಯಪ್ಪ, ಮತ್ತೆ ವೆಂಕಟರಮಣಪ್ಪ, 2023ರಲ್ಲಿ ಎಚ್.ವಿ. ವೆಂಕಟೇಶ್. ಪಕ್ಷ ಬದಲಾಗಿದೆ, ಬೆಟ್ಟದ ದೇವರು ಬದಲಾಗಿಲ್ಲ. ವೆಂಕಟೇಶ್ ಅವರು ವೆಂಕಟರಮಣಪ್ಪನವರ ಮಗ. ದೇವರು ಅವನೇ, ‘ಅಪ್ಪ’ ಮಾತ್ರ ಕಳಚಿದ್ದಾನೆ. ನಮ್ಮ ಹೆಸರುಗಳ ಒಂದು ತಲೆಮಾರಿನ ಚರಿತ್ರೆ ಈ ತಂದೆ ಮಗನ ನಡುವೆ ಇದೆ.

ಇನ್ನು ತಿಪ್ಪಯ್ಯ, ತಿಪ್ಪಣ್ಣರ ಕತೆ ಬೇರೆ. ಹುಟ್ಟಿದ ಮಕ್ಕಳು ಕೈಗೆ ಹತ್ತದೆ ಹೋಗುತ್ತಿದ್ದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು, ಸಾವಿನ ಕಣ್ಣಿಗೆ ಬೀಳದಿರಲೆಂದು ತಿಪ್ಪ ಎನ್ನುತ್ತಿದ್ದರು. ತೆಲುಗಿನವರ ಪೆಂಟಯ್ಯ, ತಮಿಳರ ಕುಪ್ಪುಸ್ವಾಮಿ ಇದೇ ಜಾತಕದವರು. ಇಂದು ತಿಪ್ಪೇಸ್ವಾಮಿಯನ್ನು ಕೇಳಿದರೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ತೋರಿಸುತ್ತಾನೆ, ಅದೂ ಸರಿಯೇ. ಸೆಸಿಲ್‌ನ ಹೆತ್ತವರಿಗೆ ಕುರುಡು ಗೊತ್ತಿರಲಿಲ್ಲ. ತಿಪ್ಪನ ತಾಯಿಗೆ ತಿಪ್ಪೆ ಚೆನ್ನಾಗಿ ಗೊತ್ತಿತ್ತು. ಹೆಸರುಗಳ ಹುಚ್ಚು ಹತ್ತಿದವನಾಗಿ ಹೇಳುತ್ತೇನೆ, ನಮ್ಮ ಇಡೀ ಗಂಟಿನಲ್ಲಿ ಇದಕ್ಕಿಂತ ತೂಕದ ಹೆಸರಿಲ್ಲ.

ಹಾಗೆಂದು ಹಳೆಯದನ್ನೆಲ್ಲ ಹೊಗಳಲು ನಾನು ಸಿದ್ಧನಿಲ್ಲ. ವಿಳಾಸ ಹೇಳುವ ಹೆಸರು ಜಾತಿಯನ್ನೂ ಹೇಳುತ್ತದೆ. ಕೈಬರಹದ ಹಳೆಯ ದಾಖಲೆಗಳಲ್ಲಿ ಊರೊಳಗಿನವನು ಮಾರಪ್ಪ, ಕೇರಿಯವನು ಬರೀ ಮಾರ. ಅಪ್ಪ, ಅಯ್ಯಗಳನ್ನು ಹಂಚುವ ಅಧಿಕಾರ ಯಾರ ಕೈಯಲ್ಲಿತ್ತೆಂದು ಆ ಒಂದು ಸಾಲಿನಲ್ಲೇ ಕಾಣುತ್ತದೆ. ಮಗನಿಗೆ ರಾಕೇಶ್ ಎಂದೋ ಕೆವಿನ್ ಎಂದೋ ಇಟ್ಟು, ಸಂದರ್ಶನದ ಕೋಣೆಯಲ್ಲಿ ಹೆಸರು ಕೇಳಿದವರು ಮುಖದ ಬಣ್ಣ ಬದಲಿಸದಿದ್ದರೆ ಸಾಕು ಎಂದುಕೊಂಡ ತಂದೆಯನ್ನು ಗೇಲಿ ಮಾಡಲು ನನಗೆ ಬಾಯಿ ಬರುವುದಿಲ್ಲ. ಕೆವಿನ್ ಐರಿಷ್ ಹೆಸರು, ಒಳ್ಳೆಯ ಕುಲದಲ್ಲಿ ಹುಟ್ಟಿದವನು ಎಂದು ಅರ್ಥ. ತಮಾಷೆ ನೋಡಿ.

ಹೊಸ ಹೆಸರುಗಳ ಪಟ್ಟಿ ಬೇಕಾದವರು ಲಗ್ನಪತ್ರಿಕೆ ಓದಬೇಕು. ನಾನು ಅವನ್ನು ಎಸೆಯುವುದಿಲ್ಲ. ಈಚೆಗೆ ಬಂದ ಒಂದರಲ್ಲಿ ಮೇಲೆ ‘ಲೇಟ್ ದೊಡ್ಡತಿಮ್ಮಪ್ಪನವರ ಆಶೀರ್ವಾದ’, ನಡುವೆ ವರನ ತಂದೆ ತಿಮ್ಮರಾಜು, ದಪ್ಪಕ್ಷರದಲ್ಲಿ ವರ ತೇಜಸ್, ತೀರಾ ಕೆಳಗೆ ‘ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ’ ಎನ್ನುವ ಪುಟಾಣಿಗಳು ರಯಾನ್, ರೇಯಾಂಶ್. ಪಂಚಾಂಗದವರು ಚಿತ್ತಾ ನಕ್ಷತ್ರದ ಮೂರನೇ ಪಾದಕ್ಕೆ ‘ರ’ ಕೊಡುತ್ತಾರೆ. ಹಿಂದೆ ‘ರ’ ಬಂದರೆ ರಂಗಪ್ಪ, ಮಾತು ಮುಗಿಯಿತು. ಈಗ ಆ ಅಕ್ಷರವನ್ನು ಮೊಬೈಲಿಗೆ ಒಪ್ಪಿಸುತ್ತಾರೆ, ಮೊದಲು ಕಿವಿಗೆ ಹಿತವಾದದ್ದನ್ನು ಆರಿಸಿ ಆಮೇಲೆ ಅರ್ಥ ಓದುತ್ತಾರೆ. ರೇಯಾಂಶ್ ಎಂದರೆ ಸೂರ್ಯಕಿರಣದ ಅಂಶವಂತೆ. ನನ್ನ ಕಿವಿಗೆ ಅದು ಇಂಗ್ಲಿಷಿನ ‘ರೇ’ಗೆ ಸಂಸ್ಕೃತದ ‘ಅಂಶ’ ಗಂಟು ಹಾಕಿದ ಹಾಗೆ ಕೇಳುತ್ತದೆ.

ರಯಾನ್ ಹಾಗಲ್ಲ, ಅದು ಕುತೂಹಲದ ಹೆಸರು. ಇಂಗ್ಲಿಷಿನಲ್ಲಿ ಓಡಾಡುವ ರಯನ್ ಐರಿಷ್ ಮನೆತನದ ಹೆಸರಿನಿಂದ ಬಂದದ್ದು. ಅರಬ್ಬಿಯ ರಯ್ಯಾನ್ ಎಂದರೆ ನೀರುಂಡು ತಣಿದದ್ದು. ಇಸ್ಲಾಮಿನ ನಂಬಿಕೆಯಲ್ಲಿ ಉಪವಾಸವಿದ್ದವರು ಸ್ವರ್ಗಕ್ಕೆ ಹೋಗುವ ಬಾಗಿಲಿಗೂ ಅದೇ ಹೆಸರು. ಪಾವಗಡದಂಥ ಒಣ ಸೀಮೆಗೆ ಇದಕ್ಕಿಂತ ಒಳ್ಳೆಯ ಹಾರೈಕೆ ಉಂಟೆ? ಆ ಪತ್ರಿಕೆಯಲ್ಲಿಲ್ಲದ, ಆದರೆ ಇದೇ ಸಾಲಿಗೆ ಸೇರುವ ಮೂರನೆಯದು ರಿಹಾನ್, ಅರಬ್ಬಿಯಲ್ಲಿ ಕಾಮಕಸ್ತೂರಿ ಜಾತಿಯ ಸುವಾಸನೆಯ ಗಿಡ. ಇದು ನಮ್ಮಲ್ಲಿಗೆ ಮೊಬೈಲಿನಲ್ಲಿ ಬಂದದ್ದಲ್ಲ. 17ನೇ ಶತಮಾನದಲ್ಲಿ ಬಿಜಾಪುರದ ಪರವಾಗಿ ಶಿರಾ ಆಳಿದ ಮಲಿಕ್ ರಿಹಾನನ ಗೋರಿ ಅಲ್ಲೇ ಇದೆ, 1651ರದ್ದು. ಅವನಿಗೂ ಮೊದಲು ಶಿರಾ ಕೋಟೆಗೆ ಬುನಾದಿ ಹಾಕಿದ ಪಾಳೇಗಾರ ಕಸ್ತೂರಿ ರಂಗಪ್ಪ ನಾಯಕ. ಒಬ್ಬ ಕಸ್ತೂರಿ, ಒಬ್ಬ ಕಾಮಕಸ್ತೂರಿ; ಒಂದೇ ಊರಿಗೆ ಎರಡು ಘಮ. ಶಿರಾದವರು ‘ರ’ ಅಕ್ಷರಕ್ಕೆ ಮೊಬೈಲು ಹುಡುಕುವುದು ನನಗೆ ಬೇಸರ ತರುವುದು ಇದಕ್ಕೇ.

ಆ ಪತ್ರಿಕೆಯ ಮನೆಯವರ ಮಟ್ಟಿಗೆ ಒಂದು ಮಾತು. ತೇಜಸ್ ಶಾಲೆಯಲ್ಲಿ ತೇಜಸ್ ಟಿ., ಆ ‘ಟಿ’ಯಲ್ಲಿ ತಿಮ್ಮರಾಜು ಅಡಗಿದ್ದಾರೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ನಾಳೆ ಹುಡುಗ ಅಮೆರಿಕಕ್ಕೆ ಕೆಲಸಕ್ಕೆ ಹೋದರೆ ಅಲ್ಲಿಯವರು ತೇಜಸ್ಸನ್ನು ಬಿಟ್ಟು ಕೊನೆಯ ಹೆಸರನ್ನೇ ಹಿಡಿಯುತ್ತಾರೆ. ಬ್ಯಾಂಕಿನವರು, ಆಸ್ಪತ್ರೆಯವರು, ಬಾಡಿಗೆ ಮನೆಯವರು ಎಲ್ಲರೂ ಅವನನ್ನು ಕರೆಯುವುದು ಮಿಸ್ಟರ್ ತಿಮ್ಮರಾಜು ಎಂದೇ.