ಕೌದಿಯನ್ನು ಮಗುಚಿ ನೋಡಿ

ಕೌದಿಯನ್ನು ಗೋಡೆಗೆ ತೂಗುಹಾಕಿ, ಬಣ್ಣದ ತುಂಡುಗಳನ್ನಷ್ಟೇ ಹೊಗಳುವ ಬರಹಗಳು ಸಾಕಾಗಿವೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಯಾದ ‘ಕವಂದಿ’ಗೆ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ತಂದುಕೊಟ್ಟ ಖ್ಯಾತಿಗೆ ನನ್ನ ತಕರಾರಿಲ್ಲ. ಕವಂದಿಯ ಮೂಲೆಗಳಲ್ಲಿ ಕೂರಿಸುವ ‘ಫೂಲ’ಗಳು, ಅಂದರೆ ಬಟ್ಟೆಯ ಹೂಗಳು, ನಿಜಕ್ಕೂ ಚೆಲುವು. ಆದರೆ ಅದೇ ಅಳತೆಗೋಲು ಹಿಡಿದು ರಾಯಚೂರು, ಮಾನ್ವಿ, ದೇವದುರ್ಗದ ಮನೆಗಳ ಕೌದಿಯನ್ನು ‘ಬರೀ ಹಾಸಿಗೆ’ ಎಂದು ಬದಿಗಿಡುವವರು ಅದನ್ನು ಮಗುಚಿ ನೋಡಿಯೇ ಇಲ್ಲ.

ಮೇಲ್ಬದಿಯಲ್ಲಿ ಇಳಕಲ್ ಸೀರೆಯ ಸೆರಗು, ಕುಪ್ಪಸದ ಚೂರು ಕಣ್ಣು ಸೆಳೆಯುತ್ತವೆ. ಹಿಂಬದಿಗೆ ಒಂದೇ ಹಳೆ ಸೀರೆಯೋ ಧೋತರವೋ ಇದ್ದರೆ ಅಲ್ಲಿ ಕಾಣುವುದು ದಾರ ಮಾತ್ರ. ಅದು ಅಂಚಿನಿಂದ ಹೊರಟು, ನಾಲ್ಕೂ ಬದಿ ಸುತ್ತಿ, ಬೆರಳಷ್ಟು ಒಳಗೆ ಸರಿದು, ಮತ್ತೆ ಸುತ್ತಿ ನಡುವಿಗೆ ಬರುತ್ತದೆ. ಹಿಂಬಾಲಿಸಿ ನೋಡಿ: ಒಂದು ಬದಿಯಲ್ಲಿ ಜೋಳದ ಕಾಳಿನಷ್ಟು ಸಣ್ಣ ಹೊಲಿಗೆ, ಮೂಲೆ ತಿರುಗಿದ ಮೇಲೆ ಅದೇ ಸಾಲು ಉದ್ದುದ್ದ. ಕೈ ಬದಲಾಗಿದೆ. ಅತ್ತೆ ಬಿಟ್ಟಲ್ಲಿಂದ ಸೊಸೆ ಹಿಡಿದಿದ್ದಾಳೆ. ಇನ್ನೊಂದೆಡೆ ಕಲಿಯುವ ಹುಡುಗಿಯ ಸಾಲು ಸೊಟ್ಟಗೆ ಹೋಗಿದೆ. ಅದನ್ನು ಬಿಚ್ಚಿಲ್ಲ. ಒಳಗಿನ ಸುತ್ತು ಅದೇ ಸೊಟ್ಟಕ್ಕೆ ಒತ್ತಿಕೊಂಡು ಬಂದು, ನಾಲ್ಕೈದು ಸಾಲುಗಳಲ್ಲಿ ಮೆಲ್ಲಗೆ ನೇರವಾಗಿದೆ. ಮೂರು ತಲೆಮಾರಿನ ಕೈಗಳು ಇಷ್ಟು ಸ್ಪಷ್ಟವಾಗಿ ಕಾಣುವಾಗ ಇದನ್ನು ‘ಅನಾಮಿಕ ಸಮೂಹಕಲೆ’ ಎನ್ನುವುದು ನೋಡುವವರ ಸೋಮಾರಿತನ.

ಕಸೂತಿಯ ಗವಂತಿ ಹೊಲಿಗೆ ಎರಡೂ ಬದಿ ಒಂದೇ ತೆರನಾಗಿ ಕಾಣುತ್ತದೆಂದು ಬಟ್ಟೆ ತಿರುಗಿಸಿ ತೋರಿಸುವ ಪಂಡಿತರಿಗೆ ಕೌದಿಯನ್ನೂ ತಿರುಗಿಸಬೇಕೆಂದು ಏಕೆ ಹೊಳೆಯಲಿಲ್ಲ? ಈಚೆಗೆ ‘ಮರುಬಳಕೆ’ ಎಂಬ ಹೊಗಳಿಕೆ ಬೇರೆ ಸೇರಿಕೊಂಡಿದೆ. ಆದರೆ ಹಳೆ ಬಟ್ಟೆ ಆರಿಸುವುದು ಉಳಿತಾಯಕ್ಕಷ್ಟೇ ಅಲ್ಲ. ಉಟ್ಟು, ಒಗೆದು ಮೆತ್ತಗಾದ ಹತ್ತಿಯಲ್ಲಿ ಸೂಜಿ ಹಲವು ಪದರ ಸಲೀಸಾಗಿ ದಾಟುತ್ತದೆ. ದಾರ ಎಳೆದಾಗ ಏಳುವ ಸಣ್ಣ ನೆರಿಗೆಗಳಲ್ಲಿ ಗಾಳಿ ನಿಂತು ಕೌದಿ ಬೆಚ್ಚಗಾಗುತ್ತದೆ, ರಾಯಚೂರಿನ ಬೇಸಿಗೆಯಲ್ಲಿ ಅದೇ ಹತ್ತಿ ಬೆವರು ಹೀರುತ್ತದೆ. ಪಾಲಿಯೆಸ್ಟರ್ ಸೀರೆಗೆ ಈ ಗುಣವಿಲ್ಲ. ಪದರಗಳು ಜಾರುತ್ತವೆ, ಮೈಗೆ ಸೆಕೆ.

ಎಲ್ಲ ಕೌದಿಯೂ ಚೆನ್ನೆಂದು ನಾನು ಹೇಳುತ್ತಿಲ್ಲ. ಅವಸರದಲ್ಲಿ ಗೇಣುದ್ದ ಅಂತರ ಬಿಟ್ಟು ಹೊಲಿದದ್ದು ಕೆಲವೇ ಒಗೆತಕ್ಕೆ ಒಳಗೆ ಮುದ್ದೆಯಾಗುತ್ತದೆ, ಮೇಲಿನ ತುಂಡುಗಳು ಎಷ್ಟೇ ಅಂದವಾಗಿರಲಿ. ಇದನ್ನು ಹೇಳಿಕೊಡುವುದೂ ಹಿಂಬದಿಯೇ. ಪ್ರದರ್ಶನ ನಡೆಸುವವರು ಕೌದಿಯನ್ನು ಗೋಡೆಯಿಂದ ಇಳಿಸಿ, ಎರಡೂ ಬದಿಗೆ ಜನ ಓಡಾಡುವಂತೆ ಹಗ್ಗದ ಮೇಲೆ ಹರವಲಿ, ಮುಟ್ಟಿ ನೋಡಲು ಬಿಡಲಿ.