ಚೀಟಿ ಎತ್ತುವ ಅರ್ಥಶಾಸ್ತ್ರ

ಅಭಿಜಿತ್ ಬ್ಯಾನರ್ಜಿ ಹಾಗೂ ಎಸ್ತರ್ ಡುಫ್ಲೊ ಅವರ ‘ಪೂರ್ ಎಕನಾಮಿಕ್ಸ್’ (2011) ಕಲ್ಕತ್ತೆಯ ವಾಚಕರಿಗೆ ದೂರದ ಗ್ರಂಥವಲ್ಲ. ಬಾಲಿಗಂಜಿನ ಸೌತ್ ಪಾಯಿಂಟ್ ಶಾಲೆಯಲ್ಲಿಯೂ ಅನಂತರ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಓದಿದ ಬ್ಯಾನರ್ಜಿಯವರು, ಬಾಲ್ಯದಲ್ಲಿ ಮನೆಯ ಹಿಂದಣ ಜೋಪಡಿಗಳ ಹುಡುಗರೊಡನೆ ಗೋಲಿಯಾಡಿ ಸೋಲುತ್ತಿದ್ದುದನ್ನು ಮುನ್ನುಡಿಯಲ್ಲಿ ಸ್ಮರಿಸಿದ್ದಾರೆ. ಬಡವನನ್ನು ಲೆಕ್ಕ ಬಲ್ಲ, ಆಯ್ಕೆ ಬಲ್ಲ ಮನುಷ್ಯನಾಗಿ ಕಾಣುವ ದೃಷ್ಟಿ ಗ್ರಂಥದುದ್ದಕ್ಕೂ ಇದೆ. ಅದು ಮೆಚ್ಚತಕ್ಕ ಗುಣ. 2019ರಲ್ಲಿ ಈ ಇಬ್ಬರಿಗೂ ಮೈಕೆಲ್ ಕ್ರೆಮರ್ ಅವರಿಗೂ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಸಂದ ಮೇಲೆ ಅವರ ವಿಧಾನದ ಪ್ರತಿಷ್ಠೆ ಇನ್ನೂ ಹೆಚ್ಚಿದೆ. ಆದಕಾರಣವೇ ಅದರ ಬಲವನ್ನೂ ಎಲ್ಲೆಯನ್ನೂ ತೂಗಿ ನೋಡುವುದು ಅವಶ್ಯ.

ವಿಧಾನವೇನೋ ಸರಳವಾದುದು. ಒಂದು ಯೋಜನೆಯ ಫಲವನ್ನು ಅರಿಯಬೇಕಾದರೆ ಗ್ರಾಮಗಳನ್ನಾಗಲಿ ಕುಟುಂಬಗಳನ್ನಾಗಲಿ ಚೀಟಿ ಎತ್ತಿ ಎರಡು ಪಾಲು ಮಾಡುವುದು. ಒಂದು ಪಾಲಿಗೆ ಯೋಜನೆಯನ್ನು ಕೊಟ್ಟು ಇನ್ನೊಂದನ್ನು ಹೋಲಿಕೆಗೆ ಇರಿಸುವುದು. ಆರಿಸುವವರ ಒಲವು ಫಲಿತಾಂಶವನ್ನು ಕೆಡಿಸದಂತೆ ಚೀಟಿ ಕಾಯುತ್ತದೆ. ರಾಜಸ್ಥಾನದ ಉದಯಪುರ ಜಿಲ್ಲೆಯ ಪ್ರಯೋಗ ಇದಕ್ಕೆ ಉತ್ತಮ ನಿದರ್ಶನ. ಅಲ್ಲಿ ಹೋಲಿಕೆಯ ಗ್ರಾಮಗಳಲ್ಲಿ ಪೂರ್ಣವಾಗಿ ಲಸಿಕೆ ಪಡೆದ ಮಕ್ಕಳು ಶೇಕಡ 6. ತಪ್ಪದೆ ಶಿಬಿರ ನಡೆದಲ್ಲಿ 18. ಶಿಬಿರದೊಡನೆ ಪ್ರತಿ ಲಸಿಕೆಗೂ ಒಂದು ಕಿಲೋ ಬೇಳೆ ಕೊಟ್ಟಲ್ಲಿ 39. ತಾಯಂದಿರ ಅಜ್ಞಾನವೇ ಕಾರಣವೆಂದು ಉಪದೇಶಿಸುತ್ತಿದ್ದವರ ಬಾಯನ್ನು ಈ ಅಂಕಿಗಳು ಕಟ್ಟಿದುವೆನ್ನಬಹುದು.

ಈ ತತ್ತ್ವ ರೂಪುಗೊಂಡುದು ಬೇಸಾಯದ ತಾಕುಗಳಲ್ಲಿ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಆರ್. ಎ. ಫಿಶರ್ ಅದನ್ನು ಬೆಳೆಸಿದರು. ಪ್ರಶಾಂತಚಂದ್ರ ಮಹಲನೋಬಿಸರು 1931ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಈ ವಿದ್ಯೆಗೆ ನಮ್ಮ ದೇಶದಲ್ಲಿ ನೆಲೆಯಾಯಿತು. ಹೂವಿನಹಡಗಲಿಯಲ್ಲಿ ಜನಿಸಿದ ಸಿ. ಆರ್. ರಾವ್ ಅವರು 1941ರಲ್ಲಿ ಬಂದು ಸೇರಿದುದು ಆ ಸಂಸ್ಥೆಯನ್ನೇ. ಆದರೆ ತಾಕಿನಿಂದ ಗ್ರಾಮಕ್ಕೆ ಬಂದಾಗ ಒಂದು ತೊಡಕು ಏಳುತ್ತದೆ. ಗೊಬ್ಬರ ದೊರೆಯದ ತಾಕಿಗೆ ನೋವಿಲ್ಲ. ಚೀಟಿ ಬಾರದ ಕುಟುಂಬಕ್ಕೆ ಉಂಟು.

ಗ್ರಂಥದಲ್ಲಿಯೇ ಬರುವ ಮುರ್ಶಿದಾಬಾದಿನ ಪ್ರಸಂಗವನ್ನು ನೋಡಬಹುದು. ಅಲ್ಲಿ ಬಂಧನ್ ಸಂಸ್ಥೆ ಕಡುಬಡ ಕುಟುಂಬಗಳಿಗೆ ಹಸು, ಆಡು ಮೊದಲಾದ ಆಸ್ತಿಯನ್ನು ಕೊಟ್ಟು, ಕೆಲಕಾಲ ಭತ್ಯೆಯನ್ನೂ ತರಬೇತಿಯನ್ನೂ ಒದಗಿಸಿತು. ಅರ್ಹರಲ್ಲಿ ಯಾರಿಗೆ ಎಂಬುದನ್ನು ಚೀಟಿ ನಿರ್ಧರಿಸಿತು. ಹತ್ತು ವರ್ಷಗಳ ತರುವಾಯವೂ ಪಡೆದವರ ಬಾಳು ಪಡೆಯದವರಿಗಿಂತ ಮೇಲಾಗಿತ್ತೆಂದು ಗ್ರಂಥಕರ್ತರು ಗರಿಮಾ ಶರ್ಮ ಅವರೊಡನೆ 2021ರಲ್ಲಿ ಪ್ರಕಟಿಸಿದ ಪ್ರಬಂಧ ತಿಳಿಸುತ್ತದೆ. ಈ ಅಂತರವೇ ಪ್ರಯೋಗದ ಜಯ. ಅದರ ಋಣವೂ ಈ ಅಂತರವೇ. ಹಣ ಎಲ್ಲರಿಗೂ ಸಾಲದಾದಾಗ ಶಿಫಾರಸಿಗಿಂತ ಚೀಟಿ ಲೇಸೆಂಬ ಸಮಾಧಾನ ಸುಳ್ಳಲ್ಲ. ಆದರೆ ಫಲ ಖಚಿತವಾದ ಮೇಲೆ ಹೋಲಿಕೆಯ ಪಾಲಿನವರಿಗೆ ಸಲ್ಲಬೇಕಾದುದೇನೆಂಬ ಪ್ರಶ್ನೆಗೆ ಅಂಕಿಗಳ ಕೋಷ್ಟಕದಲ್ಲಿ ಎಡೆಯಿಲ್ಲ.

ಇನ್ನೊಂದು ಎಲ್ಲೆ ವಿಷಯಕ್ಕೆ ಸಂಬಂಧಿಸಿದುದು. ಪಶ್ಚಿಮ ಬಂಗಾಳದಲ್ಲಿ 1978ರಲ್ಲಿ ಆರಂಭವಾದ ಆಪರೇಷನ್ ಬರ್ಗಾ, ಪಾಲಿಗೆ ಉಳುವ ರೈತರ ಹಕ್ಕನ್ನು ದಾಖಲೆಗೆ ತಂದಿತು. ಅಂತಹ ಸುಧಾರಣೆಗೆ ಚೀಟಿ ಎತ್ತಲಾಗದು. ಬ್ಯಾನರ್ಜಿಯವರೇ ಪಾಲ್ ಗರ್ಟ್ಲರ್ ಹಾಗೂ ಮೈತ್ರೀಶ್ ಘಟಕ್ ಅವರೊಡನೆ 2002ರ ಪ್ರಬಂಧದಲ್ಲಿ ಅದರ ಫಲವನ್ನು ಅಳೆಯುವಾಗ ನೆರೆಯ ಬಾಂಗ್ಲಾದೇಶವನ್ನು ಹೋಲಿಕೆಗೆ ತೆಗೆದುಕೊಂಡರು. ಚೀಟಿಗೆ ಒಗ್ಗುವ ಪ್ರಶ್ನೆಗಳನ್ನಷ್ಟೇ ಕೇಳುವ ಅಭ್ಯಾಸ ಬೆಳೆದರೆ ಭೂಮಿಯ ಪ್ರಶ್ನೆ ಕಣ್ಮರೆಯಾದೀತು.

ಬೀರ್‌ಭೂಮ್ ಜಿಲ್ಲೆಯ ಪಂಚಾಯತಿಗಳನ್ನು ಕುರಿತು ರಾಘವೇಂದ್ರ ಚಟ್ಟೋಪಾಧ್ಯಾಯ ಹಾಗೂ ಡುಫ್ಲೊ 2004ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತಿಗೆ ಇನ್ನೊಂದು ಮುಖವನ್ನು ತೋರಿಸುತ್ತದೆ. ಪ್ರಧಾನಸ್ಥಾನ ಮಹಿಳೆಗೆ ಮೀಸಲಾದಲ್ಲಿ ಕುಡಿಯುವ ನೀರಿನ ಕೆಲಸ ಹೆಚ್ಚಾಗಿ ನಡೆದಿತ್ತು. ಯಾವ ಪಂಚಾಯತಿ ಮೀಸಲು ಎಂಬುದನ್ನು ನಿಶ್ಚಯಿಸಿದುದು ಕಾನೂನಿನ ಸರದಿ. ಸಂಶೋಧಕರು ಅನಂತರ ಬಂದು ಅಳೆದರು. ಕರ್ನಾಟಕವು 1983ರ ಶಾಸನದಲ್ಲಿ ಮಂಡಲ ಪಂಚಾಯತಿ, ಜಿಲ್ಲಾ ಪರಿಷತ್ತುಗಳ ಶೇಕಡ 25 ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಾಗಲೂ ಪ್ರಯೋಗದ ವರದಿಗೆ ಕಾಯಲಿಲ್ಲ. ನ್ಯಾಯದ ನಿಶ್ಚಯ ಮೊದಲು ಬಂದಿತು.

ಪ್ರಯೋಗದ ಯೋಗ್ಯ ಸ್ಥಾನ ಇದೇ. ಯಾವ ದಾರಿ ಫಲಿಸಿತೆಂದು ಅದು ಹೇಳಬಲ್ಲುದು. ಯಾರಿಗೆ ಏನು ಸಲ್ಲಬೇಕೆಂಬುದನ್ನು ಸಮಾಜವೇ ನಿರ್ಣಯಿಸಬೇಕು. ಚೀಟಿ ಬಾರದ ಮುರ್ಶಿದಾಬಾದಿನ ಕುಟುಂಬಗಳಿಗೂ ಒಂದು ಅಧ್ಯಾಯ ಮೀಸಲಾಗಿದ್ದರೆ, ಗೋಲಿಯಾಟದ ನೆನಪಿನಿಂದ ಆರಂಭವಾದ ಈ ಗ್ರಂಥದ ಸಹಾನುಭೂತಿ ಪೂರ್ಣವಾಗುತ್ತಿತ್ತು.